ಮಣ್ಣಿನಿಂದ ಮದ್ದು ತೆಗೆದ ಶಿಕ್ಷಕಿ: ಎಲಿಜಬೆತ್ ಲೀ ಹೇಜನ್

ಎಂಟನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. 1928ನೆಯ ಇಸವಿ, ಲಂಡನ್ನಿನ ಪ್ರಯೋಗಾಲಯ, ಬೂಷ್ಟು ಬಿದ್ದ ಗಾಜಿನ ತಟ್ಟೆ, ಅಲೆಕ್ಸಾಂಡರ್ ಫ್ಲೆಮಿಂಗ್, ಪೆನಿಸಿಲಿನ್. ಕಥೆ ಒಳ್ಳೆಯದೇ. ಆದರೆ ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಇದನ್ನು ಮತ್ತೆ ಮತ್ತೆ ಕೇಳಿದ ನನಗೆ ಒಂದು ಸಂಗತಿ ಕಾಡುತ್ತದೆ. ಕಥೆ ಮುಗಿಯುವ ಹೊತ್ತಿಗೆ ಮಕ್ಕಳ ಮನಸ್ಸಿನಲ್ಲಿ ಎರಡು ಮಾತು ಉಳಿದುಬಿಡುತ್ತವೆ: ವಿಜ್ಞಾನದ ಶೋಧನೆ ಎಂದರೆ ಅದೃಷ್ಟ, ಪ್ರತಿಜೈವಿಕ ಎಂದರೆ ಎಲ್ಲ ರೋಗಾಣುಗಳನ್ನೂ ಕೊಲ್ಲುವ ಮದ್ದು. ಮೊದಲನೆಯದು ಅರ್ಧಸತ್ಯ. ಎರಡನೆಯದು ಪೂರ್ತಿ ತಪ್ಪು. ಈ ಎರಡನ್ನೂ ಒಟ್ಟಿಗೆ ತಿದ್ದಬಲ್ಲ ಇನ್ನೊಂದು ಜೀವನವೃತ್ತಾಂತವನ್ನು ಪ್ರಶಿಕ್ಷಣಾರ್ಥಿಗಳ ಕೈಗೆ ಕೊಡಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆಕೆಯ ಹೆಸರು ಎಲಿಜಬೆತ್ ಲೀ ಹೇಜನ್. ಶಿಲೀಂಧ್ರಗಳಿಂದ ಬರುವ ಸೋಂಕಿಗೆ ಮನುಷ್ಯರ ಮೇಲೆ ಸುರಕ್ಷಿತವಾಗಿ ಬಳಸಬಹುದಾದ ಮೊದಲ ಪ್ರತಿಜೈವಿಕ ‘ನಿಸ್ಟಾಟಿನ್’. ಅದನ್ನು ಕಂಡುಹಿಡಿದ ಇಬ್ಬರಲ್ಲಿ ಈಕೆ ಒಬ್ಬರು. ನಮಗೆ ಇನ್ನೂ ಹತ್ತಿರದ ಸಂಗತಿಯೆಂದರೆ, ವಿಜ್ಞಾನಿಯಾಗುವ ಮೊದಲು ಆಕೆ ಪ್ರೌಢಶಾಲಾ ಶಿಕ್ಷಕಿಯಾಗಿದ್ದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹೇಜನ್ ಹುಟ್ಟಿದ್ದು 1885ರ ಆಗಸ್ಟ್ 24ರಂದು, ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯದ ರಿಚ್ ಎಂಬ ಹಳ್ಳಿಯಲ್ಲಿ. ಅದು ಹತ್ತಿ ಬೆಳೆಯುವ ಸೀಮೆ. ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಆಕೆಯನ್ನೂ ಅಕ್ಕತಂಗಿಯರ ಆ ಜೋಡಿಯಲ್ಲಿ ಉಳಿದ ಇನ್ನೊಬ್ಬಳನ್ನೂ ಚಿಕ್ಕಪ್ಪ ಚಿಕ್ಕಮ್ಮ ಹತ್ತಿರದ ಲೂಲಾ ಎಂಬ ಊರಿಗೆ ಕರೆದೊಯ್ದು ತಮ್ಮ ಮಕ್ಕಳ ಜೊತೆಗೇ ಬೆಳೆಸಿದರು. ಊರಿನ ಸಣ್ಣ ಶಾಲೆಯಲ್ಲಿ ಓದು ಆರಂಭವಾಯಿತು. ಮುಂದೆ ಮಿಸ್ಸಿಸಿಪ್ಪಿಯ ಕೊಲಂಬಸ್ ನಗರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸರ್ಕಾರ ನಡೆಸುತ್ತಿದ್ದ ಕಾಲೇಜನ್ನು ಸೇರಿ 1910ರಲ್ಲಿ ಪದವಿ ಪಡೆದರು.

ಪದವಿಯ ನಂತರ ಆಕೆ ಜಾಕ್ಸನ್ ನಗರದ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಮತ್ತು ಜೀವಶಾಸ್ತ್ರ ಕಲಿಸುವ ಕೆಲಸ ಹಿಡಿದರು. ಬೇಸಿಗೆ ರಜೆ ಬಂತೆಂದರೆ ಟೆನೆಸಿ, ವರ್ಜೀನಿಯಾ ವಿಶ್ವವಿದ್ಯಾಲಯಗಳ ಬೇಸಿಗೆ ತರಗತಿಗಳಿಗೆ ಹೋಗಿ ಕೂರುತ್ತಿದ್ದರು. ಇದನ್ನು ನಾನು ಪ್ರಶಿಕ್ಷಣಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ವರ್ಷವಿಡೀ ಕಲಿಸುವುದು, ರಜೆಯಲ್ಲಿ ಕಲಿಯುವುದು. ಯಾವ ಬಡ್ತಿಯ ನಿಯಮವೂ ಇದನ್ನು ಆಕೆಯಿಂದ ಕೇಳಿರಲಿಲ್ಲ.

ಕೆಲವು ವರ್ಷ ಹೀಗೆ ಕಲಿಸಿದ ಮೇಲೆ ಆಕೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ 1917ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಸೈನ್ಯದ ರೋಗಪತ್ತೆ ಪ್ರಯೋಗಾಲಯಗಳಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ವೆಸ್ಟ್ ವರ್ಜೀನಿಯಾದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿದ್ದರು. ಮತ್ತೆ ಕೊಲಂಬಿಯಾಕ್ಕೆ ಮರಳಿ 1927ರಲ್ಲಿ ಸೂಕ್ಷ್ಮಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಾಗ ಆಕೆಗೆ ನಲವತ್ತು ದಾಟಿತ್ತು.

ಮೂಲ ಹುಡುಕುವ ಕೆಲಸ

1931ರಲ್ಲಿ ಹೇಜನ್ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯ ವಿಭಾಗವನ್ನು ಸೇರಿದರು. ನ್ಯೂಯಾರ್ಕ್ ನಗರದ ಶಾಖೆಯಲ್ಲಿ ಬ್ಯಾಕ್ಟೀರಿಯಾ ರೋಗಗಳ ಪತ್ತೆ ಅವರ ಹೊಣೆ. ಒಂದು ಕಡೆ ಆಂಥ್ರಾಕ್ಸ್ ರೋಗ ಕಾಣಿಸಿಕೊಂಡಾಗ ಅದರ ಮೂಲವನ್ನು ಹುಡುಕುತ್ತಾ ಹೋಗಿ ಒಂದು ಬ್ರಷ್ ಕಾರ್ಖಾನೆಯವರೆಗೆ ತಲುಪಿದರು. ಹೊರದೇಶದಿಂದ ಬಂದ ಡಬ್ಬಿಯ ಮೀನು ತಿಂದು ಜನ ಸತ್ತಾಗ, ಆ ಆಹಾರದಲ್ಲಿದ್ದ ವಿಷ ಯಾವ ಬಗೆಯ ಬ್ಯಾಕ್ಟೀರಿಯಾದ್ದು ಎಂಬುದನ್ನು ಗುರುತಿಸಿದರು. ಬೊಟುಲಿನಂನ ‘ಇ’ ಬಗೆಯನ್ನು ಉತ್ತರ ಅಮೆರಿಕದಲ್ಲಿ ಮೊದಲು ಪತ್ತೆಮಾಡಿದ್ದು ಆಗಲೇ.

ಈ ಘಟನೆಗಳನ್ನು ಜೀವನಚರಿತ್ರೆಯ ಅಲಂಕಾರಕ್ಕಾಗಿ ನಾನು ಹೇಳುತ್ತಿಲ್ಲ. ರೋಗ ಕಂಡಾಗ ಅದರ ಮೂಲ ಎಲ್ಲಿದೆ ಎಂದು ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ಹೋಗುವ ಅಭ್ಯಾಸ ಅವರಿಗೆ ಹದಿಮೂರು ವರ್ಷಗಳಲ್ಲಿ ಕೈಗೂಡಿತು. ಮುಂದಿನ ಶೋಧನೆ ನಿಂತದ್ದು ಈ ಅಭ್ಯಾಸದ ಮೇಲೆ.

ಅರವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿನಿ

1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂತು. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಸಾವಿನ ದವಡೆಯಲ್ಲಿದ್ದವರು ಎದ್ದು ಕೂತರು. ಆದರೆ ವೈದ್ಯರು ಇನ್ನೊಂದನ್ನೂ ಗಮನಿಸತೊಡಗಿದರು. ಪ್ರತಿಜೈವಿಕ ತೆಗೆದುಕೊಂಡ ಕೆಲವರ ಬಾಯಲ್ಲಿ, ಕರುಳಿನಲ್ಲಿ ಬಿಳಿಯ ಪದರದಂಥ ಸೋಂಕು ಹಬ್ಬುತ್ತಿತ್ತು.

ಕಾರಣ ಇದು. ನಮ್ಮ ಬಾಯಿ, ಕರುಳುಗಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ಅವುಗಳ ನಡುವೆ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರವೂ ಬಹಳ ಜನರಲ್ಲಿ ಸುಮ್ಮನೆ ಇರುತ್ತದೆ. ಜಾಗ ಮತ್ತು ಆಹಾರಕ್ಕಾಗಿ ಬ್ಯಾಕ್ಟೀರಿಯಾಗಳು ಪೈಪೋಟಿ ನಡೆಸುವುದರಿಂದ ಅದು ಅಂಕೆಯಲ್ಲಿರುತ್ತದೆ. ಪ್ರತಿಜೈವಿಕ ಆ ಬ್ಯಾಕ್ಟೀರಿಯಾಗಳನ್ನು ಕೊಂದರೆ ಶಿಲೀಂಧ್ರಕ್ಕೆ ಬಯಲು ಸಿಕ್ಕಂತಾಗುತ್ತದೆ. ಶಿಲೀಂಧ್ರಕ್ಕೆ ಪೆನಿಸಿಲಿನ್ ತಾಗುವುದಿಲ್ಲ. ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸವನ್ನು. ಶಿಲೀಂಧ್ರದ ಕೋಶಭಿತ್ತಿ ಬೇರೆಯೇ ವಸ್ತುವಿನದು.

ಆಗ ಶಿಲೀಂಧ್ರ ರೋಗಗಳನ್ನು ಗುರುತಿಸಬಲ್ಲವರೇ ಕಡಿಮೆ. 1944ರಲ್ಲಿ ಇಲಾಖೆಯ ಮುಖ್ಯಸ್ಥರು ಈ ಹೊಸ ಕೆಲಸವನ್ನು ಹೇಜನ್ ಅವರಿಗೆ ವಹಿಸಿದರು. ನಿವೃತ್ತಿ ಹತ್ತಿರವಿರುವ ವಯಸ್ಸು. ಆಕೆ ಕೊಲಂಬಿಯಾದ ಶಿಲೀಂಧ್ರ ಪ್ರಯೋಗಾಲಯಕ್ಕೆ ಹೋಗಿ, ಆ ಶಾಸ್ತ್ರದಲ್ಲಿ ಹೆಸರಾಗಿದ್ದ ರೋಡಾ ಬೆನ್‌ಹ್ಯಾಮ್ ಅವರ ಬಳಿ ಮೊದಲಿನಿಂದ ಕಲಿತರು. ರೋಗಿಗಳಿಂದ ಬಂದ ಶಿಲೀಂಧ್ರಗಳನ್ನು ಬೆಳೆಸಿ, ಸ್ಲೈಡುಗಳನ್ನು ಮಾಡಿ, ಹೋಲಿಸಿ ನೋಡಲು ಒಂದು ಸಂಗ್ರಹವನ್ನೇ ಕಟ್ಟಿದರು. ಮುಂದೆ 1955ರಲ್ಲಿ ಫ್ರಾಂಕ್ ಕರ್ಟಿಸ್ ರೀಡ್ ಅವರ ಜೊತೆ ಸೇರಿ, ರೋಗಕಾರಕ ಶಿಲೀಂಧ್ರಗಳನ್ನು ಪ್ರಯೋಗಾಲಯದಲ್ಲಿ ಸುಲಭವಾಗಿ ಗುರುತಿಸುವ ಬಗೆಯನ್ನು ಕುರಿತು ಪುಸ್ತಕ ಬರೆದರು. ತಾನು ಕಲಿತದ್ದನ್ನು ಇತರರು ಕಲಿಯಲು ಆಗುವಂತೆ ಜೋಡಿಸಿಡುವುದು ಶಿಕ್ಷಕರ ಗುಣ. ಅದು ಆಕೆಯನ್ನು ಬಿಡಲಿಲ್ಲ.

ಅಂಚೆಯಲ್ಲಿ ನಡೆದ ಸಂಶೋಧನೆ

ರೋಗ ಗುರುತಿಸಿದರೆ ಸಾಲದು, ಮದ್ದು ಬೇಕು. ಸ್ಟ್ರೆಪ್ಟೊಮೈಸಿನ್ ಮಣ್ಣಿನಲ್ಲಿ ಸಿಕ್ಕಿತ್ತು. ಹಾಗಾದರೆ ಶಿಲೀಂಧ್ರವನ್ನು ತಡೆಯುವ ವಸ್ತುವನ್ನು ತಯಾರಿಸುವ ಜೀವಿಯೂ ಮಣ್ಣಿನಲ್ಲೇ ಇರಬಹುದು ಎಂದು ಹೇಜನ್ ಯೋಚಿಸಿದರು. ಬೆಳೆಸಿ ಪರೀಕ್ಷಿಸುವ ಕೆಲಸ ಆಕೆಗೆ ಬರುತ್ತಿತ್ತು. ಸಿಕ್ಕ ದ್ರವದಿಂದ ಬೇಕಾದ ವಸ್ತುವನ್ನು ಬೇರ್ಪಡಿಸಿ ಶುದ್ಧ ಮಾಡಲು ರಸಾಯನ ವಿಜ್ಞಾನಿ ಬೇಕಿತ್ತು. 1948ರಲ್ಲಿ ಇಲಾಖೆಯ ನಿರ್ದೇಶಕರಾಗಿದ್ದ ಗಿಲ್ಬರ್ಟ್ ಡಾಲ್‌ಡಾರ್ಫ್ ಆಕೆಗೆ ರೇಚಲ್ ಫುಲ್ಲರ್ ಬ್ರೌನ್ ಅವರನ್ನು ಪರಿಚಯಿಸಿದರು. ಬ್ರೌನ್ ಅದೇ ಇಲಾಖೆಯ ಆಲ್ಬನಿ ಪ್ರಯೋಗಾಲಯದಲ್ಲಿದ್ದವರು. ಹೇಜನ್‌ಗಿಂತ ಹದಿಮೂರು ವರ್ಷ ಚಿಕ್ಕವರು. ಅಜ್ಜಿಯ ಗೆಳತಿಯೊಬ್ಬರು ಕಾಲೇಜಿನ ಖರ್ಚು ವಹಿಸಿಕೊಂಡಿದ್ದರಿಂದ ಓದು ಮುಂದುವರಿಸಿದ್ದರು. ಅವರೂ ಕೆಲವು ವರ್ಷ ಶಿಕ್ಷಕಿಯಾಗಿದ್ದವರೇ.

ಇಬ್ಬರ ನಡುವೆ ಸುಮಾರು 240 ಕಿಲೋಮೀಟರ್ ದೂರ. ಕೆಲಸ ನಡೆದದ್ದು ಅಂಚೆಯ ಮೂಲಕ. ಹೇಜನ್ ನ್ಯೂಯಾರ್ಕಿನಲ್ಲಿ ಪ್ರತಿ ಮಣ್ಣಿನ ಮಾದರಿಯಿಂದ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದರು. ಅವುಗಳನ್ನು ಎರಡು ಶಿಲೀಂಧ್ರಗಳ ಎದುರು ಪರೀಕ್ಷಿಸುತ್ತಿದ್ದರು: ಒಂದು ಕ್ಯಾಂಡಿಡಾ, ಇನ್ನೊಂದು ಮಿದುಳಿನ ಪೊರೆಗೆ ಉರಿಯೂತ ತರುವ ಕ್ರಿಪ್ಟೊಕಾಕಸ್. ಶಿಲೀಂಧ್ರ ಬೆಳೆಯದೆ ನಿಂತರೆ ಆ ಬೆಳೆಯನ್ನು ಗಾಜಿನ ಜಾಡಿಯಲ್ಲಿ ತುಂಬಿ ಆಲ್ಬನಿಗೆ ಕಳಿಸುತ್ತಿದ್ದರು. ಬ್ರೌನ್ ಬೇರೆ ಬೇರೆ ದ್ರಾವಕಗಳಿಂದ ಅದರೊಳಗಿನ ಸಕ್ರಿಯ ವಸ್ತುವನ್ನು ಬೇರ್ಪಡಿಸಿ ತಿರುಗಿ ಅಂಚೆಗೆ ಹಾಕುತ್ತಿದ್ದರು. ಹೇಜನ್ ಅದನ್ನು ಮತ್ತೆ ಶಿಲೀಂಧ್ರಗಳ ಮೇಲೂ ಆಮೇಲೆ ಪ್ರಾಣಿಗಳ ಮೇಲೂ ಪರೀಕ್ಷಿಸುತ್ತಿದ್ದರು.

ಇಲ್ಲಿ ನಿಜವಾದ ಕಷ್ಟ ಎದುರಾಯಿತು. ಶಿಲೀಂಧ್ರವನ್ನು ಕೊಲ್ಲುವ ವಸ್ತುಗಳು ಸಿಗುತ್ತಿದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಪ್ರಯೋಗದ ಪ್ರಾಣಿಗಳನ್ನೂ ಕೊಲ್ಲುತ್ತಿದ್ದವು. ಬ್ಯಾಕ್ಟೀರಿಯಾದ ಕೋಶಕ್ಕೂ ನಮ್ಮ ಕೋಶಕ್ಕೂ ರಚನೆಯಲ್ಲಿ ಬಹಳ ಅಂತರವಿದೆ. ಶಿಲೀಂಧ್ರದ ಕೋಶ ಹಾಗಲ್ಲ. ನಮ್ಮದರಂತೆಯೇ ಅದಕ್ಕೂ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿದೆ. ಶತ್ರು ನಮ್ಮನ್ನೇ ಹೋಲುವಾಗ ಅವನೊಬ್ಬನಿಗೇ ತಾಗುವ ಮದ್ದು ಹುಡುಕುವುದು ಸುಲಭವಲ್ಲ. ಕೊಲ್ಲುತ್ತದೆಯೇ ಎಂಬ ಪ್ರಶ್ನೆಗಿಂತ ಯಾರನ್ನು ಉಳಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ದೊಡ್ಡದು. ಒಂದರ ಹಿಂದೆ ಒಂದು ಮಾದರಿಯನ್ನು ಇಬ್ಬರೂ ಪಕ್ಕಕ್ಕಿಡಬೇಕಾಯಿತು.

ಕೊನೆಗೆ ಕೈಹಿಡಿದ ಮಣ್ಣು ವರ್ಜೀನಿಯಾ ರಾಜ್ಯದ ಒಂದು ಹೈನುಗಾರಿಕೆಯ ಜಮೀನಿನದು. ಆ ಜಮೀನು ಹೇಜನ್ ಅವರ ಸ್ನೇಹಿತರಾದ ನೋರ್ಸ್ ಕುಟುಂಬದ್ದು. ಅದರಲ್ಲಿ ಸಿಕ್ಕ ಜೀವಿ ಸ್ಟ್ರೆಪ್ಟೊಮೈಸಿಸ್ ಕುಲಕ್ಕೆ ಸೇರಿತ್ತು. ಮನೆಯವರ ಹೆಸರಿನಿಂದ ಅದಕ್ಕೆ ಸ್ಟ್ರೆಪ್ಟೊಮೈಸಿಸ್ ನೋರ್ಸಿ ಎಂದು ಹೆಸರಿಟ್ಟರು. ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆದರೂ ಈ ಕುಲದವು ಬ್ಯಾಕ್ಟೀರಿಯಾಗಳೇ. ಹೀಗೆ ಪೆನಿಸಿಲಿನ್ ಕಥೆ ತಲೆಕೆಳಗಾಯಿತು. ಅಲ್ಲಿ ಶಿಲೀಂಧ್ರದಿಂದ ಬಂದ ವಸ್ತು ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಇಲ್ಲಿ ಬ್ಯಾಕ್ಟೀರಿಯಾದಿಂದ ಬಂದ ವಸ್ತು ಶಿಲೀಂಧ್ರವನ್ನು ಕೊಂದಿತು. ಪ್ರಾಣಿಗಳು ಉಳಿದವು.

1950ರಲ್ಲಿ ಇಬ್ಬರೂ ತಮ್ಮ ಶೋಧನೆಯನ್ನು ವಿಜ್ಞಾನಿಗಳ ಸಭೆಯಲ್ಲಿ ಮಂಡಿಸಿದರು. ಮೊದಲು ಇಟ್ಟ ಹೆಸರು ಫಂಗಿಸಿಡಿನ್. ಅದು ಬೇರೊಂದಕ್ಕೆ ಆಗಲೇ ಬಳಕೆಯಲ್ಲಿದ್ದುದರಿಂದ, ತಮ್ಮನ್ನು ಕೆಲಸಕ್ಕಿಟ್ಟುಕೊಂಡಿದ್ದ ನ್ಯೂಯಾರ್ಕ್ ಸ್ಟೇಟ್ ಎಂಬ ಹೆಸರಿನ ಅಕ್ಷರಗಳನ್ನು ಕೂಡಿಸಿ ನಿಸ್ಟಾಟಿನ್ ಎಂದರು. ತಮ್ಮ ಹೆಸರನ್ನು ಅದರಲ್ಲಿ ಸೇರಿಸಲಿಲ್ಲ.

ಮದ್ದು ಕೆಲಸ ಮಾಡುವ ಬಗೆ ಮತ್ತು ಉಪಯೋಗ

ಜೀವಕೋಶದ ಪೊರೆ ಗಟ್ಟಿಯಾಗಿರಲು ಅದರಲ್ಲಿ ಸ್ಟೆರಾಲ್ ಎಂಬ ವಸ್ತು ಬೇಕು. ನಮ್ಮ ಕೋಶಪೊರೆಯಲ್ಲಿರುವುದು ಕೊಲೆಸ್ಟೆರಾಲ್. ಶಿಲೀಂಧ್ರದ ಪೊರೆಯಲ್ಲಿರುವುದು ಎರ್ಗೋಸ್ಟೆರಾಲ್. ನಿಸ್ಟಾಟಿನ್ ಎರ್ಗೋಸ್ಟೆರಾಲ್‌ಗೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗ ಪೊರೆಯಲ್ಲಿ ರಂಧ್ರಗಳು ಬಿದ್ದು ಒಳಗಿನ ಪೊಟ್ಯಾಸಿಯಂ ಮುಂತಾದವು ಸೋರಿಹೋಗುತ್ತವೆ, ಕೋಶ ಸಾಯುತ್ತದೆ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಸಾಮಾನ್ಯವಾಗಿ ಸ್ಟೆರಾಲೇ ಇಲ್ಲ. ಹಾಗಾಗಿ ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೆ ಅದರಿಂದ ಅಪಾಯವಿಲ್ಲ.

1954ರಲ್ಲಿ ಸ್ಕ್ವಿಬ್ ಕಂಪನಿ ಇದನ್ನು ಮೈಕೊಸ್ಟಾಟಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕೈಗೂಸುಗಳ ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಕಾಣುವ ಕ್ಯಾಂಡಿಡಾ ಸೋಂಕಿಗೆ ಬಾಯೊಳಗೆ ಹಾಕುವ ದ್ರವವಾಗಿ, ಕರುಳಿನ ಸೋಂಕಿಗೆ ಮಾತ್ರೆಯಾಗಿ, ಚರ್ಮದ ಮಡಿಕೆಗಳಲ್ಲಿನ ಮತ್ತು ಹೆಣ್ಣುಮಕ್ಕಳ ಜನನಾಂಗದ ಸೋಂಕಿಗೆ ಹಚ್ಚುವ, ಇಡುವ ಔಷಧವಾಗಿ ಇದು ಬಳಕೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದೆ. ಇದರ ಮಿತಿಗಳನ್ನೂ ಪಾಠದಲ್ಲಿ ಹೇಳಬೇಕು. ಇದು ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಚುಚ್ಚುಮದ್ದಾಗಿ ಕೊಟ್ಟರೆ ನಮ್ಮ ಕೋಶಗಳಿಗೂ ಕೆಡುಕು. ಆದ್ದರಿಂದ ಸೋಂಕಿರುವ ಜಾಗಕ್ಕೇ ಅದು ತಲುಪಬೇಕು. ಮಕ್ಕಳಿಗೆ ಪರಿಚಿತವಾದ ಹುಳುಕಡ್ಡಿಯೂ ಶಿಲೀಂಧ್ರ ರೋಗವೇ, ಆದರೆ ಅದಕ್ಕೆ ನಿಸ್ಟಾಟಿನ್ ನಾಟುವುದಿಲ್ಲ; ಬೇರೆ ಮದ್ದು ಬೇಕು, ಅದನ್ನು ವೈದ್ಯರೇ ಹೇಳಬೇಕು.

ಆಸ್ಪತ್ರೆಯ ಹೊರಗೂ ಇದು ಉಪಯೋಗಕ್ಕೆ ಬಂತು. ಎಲ್ಮ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗದ ಮೇಲೆ ಇದನ್ನು ಪ್ರಯೋಗಿಸಿದರು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಆರ್ನೊ ನದಿಯ ನೆರೆ ನುಗ್ಗಿ ಹಳೆಯ ಕಲಾಕೃತಿಗಳು ನೆನೆದುಹೋದವು. ನೆನೆದ ಮರದ ಹಲಗೆಯ ಚಿತ್ರಗಳ ಮೇಲೆ ಬೂಷ್ಟು ಏಳತೊಡಗಿದಾಗ ಅದನ್ನು ತಡೆಯಲು ಸಿಂಪಡಿಸಿದ್ದು ನಿಸ್ಟಾಟಿನ್. ಹಸುಗಳು ಮೇಯುವ ಜಮೀನಿನ ಮಣ್ಣಿನಿಂದ ಹೊರಟದ್ದು ಮಗುವಿನ ಬಾಯಿಗೂ ಶತಮಾನಗಳ ಹಿಂದಿನ ಚಿತ್ರಕ್ಕೂ ಮದ್ದಾಯಿತು.

ನಮ್ಮ ದೇಶದಲ್ಲೂ ಇದೇ ದಾರಿಯಲ್ಲಿ ಕೆಲಸ ನಡೆಯಿತು. ಕರ್ನಾಟಕದವರಾದ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯ ಸಂಶೋಧನೆಯನ್ನು ಮುನ್ನಡೆಸಿದವರು. ಅಲ್ಲಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಜೀವಿಯಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಸಿಕ್ಕಿತು. ಒಂದು ಜೀವಿ ಜಮೀನಿನ ಮನೆತನದ ಹೆಸರನ್ನು ಹೊತ್ತರೆ ಇನ್ನೊಂದು ಪಿಂಪ್ರಿಯ ಹೆಸರನ್ನು ಹೊತ್ತಿದೆ. ತಮ್ಮ ಶಾಲೆಯ ಅಂಗಳದ ಮಣ್ಣೂ ಇಂಥದೇ ಎಂಬುದು ಮಕ್ಕಳಿಗೆ ಇಲ್ಲಿ ಹೊಳೆಯಬೇಕು.

ಹಣ ಮತ್ತು ಕೊನೆಯ ದಿನಗಳು

1957ರಲ್ಲಿ ನಿಸ್ಟಾಟಿನ್‌ಗೆ ಪೇಟೆಂಟ್ ದೊರೆಯಿತು. ಅದರ ಅವಧಿ ಮುಗಿಯುವವರೆಗೆ ಬಂದ ರಾಯಧನ 1 ಕೋಟಿ 30 ಲಕ್ಷ ಡಾಲರುಗಳಿಗೂ ಹೆಚ್ಚು. ಇಬ್ಬರೂ ಅದರಲ್ಲಿ ತಮಗಾಗಿ ಏನನ್ನೂ ಇಟ್ಟುಕೊಳ್ಳಲಿಲ್ಲ. ಸಂಶೋಧನೆಗೆ ನೆರವು ನೀಡುವ ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆಗೆ ಎಲ್ಲವನ್ನೂ ಒಪ್ಪಿಸಿದರು. ಅರ್ಧ ಹಣ ಆ ಸಂಸ್ಥೆಯ ವಿಜ್ಞಾನ ಕಾರ್ಯಗಳಿಗೆ, ಉಳಿದರ್ಧ ಬ್ರೌನ್–ಹೇಜನ್ ನಿಧಿಗೆ ಹೋಯಿತು. ಆ ನಿಧಿಯಿಂದ ಎಷ್ಟೋ ಯುವ ವಿಜ್ಞಾನಿಗಳು ಶಿಲೀಂಧ್ರಶಾಸ್ತ್ರದಲ್ಲಿ ತರಬೇತಿ ಪಡೆದರು. ಬೇರೆಯವರ ನೆರವಿನಿಂದ ಓದಿದ ಇಬ್ಬರು ಹೆಂಗಸರು, ಓದಬೇಕಾದ ಇತರರಿಗೆ ದಾರಿ ಮಾಡಿದರು.

ನಿಸ್ಟಾಟಿನ್ ಸಿಕ್ಕಮೇಲೂ ಜಾಡಿಗಳ ಓಡಾಟ ನಿಲ್ಲಲಿಲ್ಲ. ಇಬ್ಬರೂ ಸೇರಿ ಇನ್ನೂ ಎರಡು ಪ್ರತಿಜೈವಿಕಗಳನ್ನು ಕಂಡುಹಿಡಿದರು. 1960ರಲ್ಲಿ ನಿವೃತ್ತರಾದ ಹೇಜನ್, ತಾವು ಹಿಂದೆ ಕಲಿತಿದ್ದ ಕೊಲಂಬಿಯಾದ ಶಿಲೀಂಧ್ರ ಪ್ರಯೋಗಾಲಯಕ್ಕೇ ಹೋಗಿ ಅತಿಥಿ ಸಂಶೋಧಕಿಯಾಗಿ ಕೆಲಸ ಮುಂದುವರಿಸಿದರು. 1975ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಸಂಸ್ಥೆಯೊಂದು ಇಬ್ಬರಿಗೂ ಪ್ರವರ್ತಕರ ಪ್ರಶಸ್ತಿ ನೀಡಿತು. ಹೆಂಗಸರಿಗೆ ಆ ಗೌರವ ಸಂದದ್ದು ಅದೇ ಮೊದಲು. ಅದೇ ವರ್ಷ ಜೂನ್ 24ರಂದು ಸಿಯಾಟಲ್ ನಗರದಲ್ಲಿ ಹೇಜನ್ ತೀರಿಕೊಂಡರು. ಬ್ರೌನ್ 1980ರವರೆಗೆ ಬದುಕಿದ್ದರು.

ತರಗತಿಯಲ್ಲಿ ಬಳಸುವ ಬಗೆ

ಈ ವೃತ್ತಾಂತವನ್ನು ಪೀಠಿಕೆಯಲ್ಲಿ ಪೂರ್ತಿ ಹೇಳಿ ಮುಗಿಸಬೇಡಿ ಎಂಬುದು ನನ್ನ ಸಲಹೆ. ಪ್ರತಿಜೈವಿಕಗಳ ಅಂಶ ಕಲಿಸಿದ ಮೇಲೆ ಒಂದು ಪ್ರಶ್ನೆ ಕೇಳಿ: ಪೆನಿಸಿಲಿನ್ ತೆಗೆದುಕೊಂಡರೆ ಹುಳುಕಡ್ಡಿ ವಾಸಿಯಾಗುತ್ತದೆಯೇ? ಮಕ್ಕಳು ತಮ್ಮ ಉತ್ತರ ಹೇಳಿ, ಕಾರಣ ಕೊಡಲು ಹೊರಡಲಿ. ಆಗ ಹೇಜನ್ ಅವರನ್ನು ಕರೆತನ್ನಿ.

ಒಂದು ಚಟುವಟಿಕೆಯನ್ನು ನಾನು ಪ್ರಶಿಕ್ಷಣಾರ್ಥಿಗಳಿಂದ ಮಾಡಿಸುತ್ತೇನೆ. ತರಗತಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ನ್ಯೂಯಾರ್ಕ್, ಇನ್ನೊಂದಕ್ಕೆ ಆಲ್ಬನಿ ಎಂದು ಹೆಸರಿಡಿ. ಇಪ್ಪತ್ತು ಚೀಟಿಗಳು ಇಪ್ಪತ್ತು ಮಣ್ಣಿನ ಮಾದರಿಗಳು. ಶಿಲೀಂಧ್ರ ಸಾಯಿತೇ, ಇಲಿ ಉಳಿಯಿತೇ ಎಂಬ ಎರಡು ಉತ್ತರ ಪ್ರತಿ ಚೀಟಿಯೊಳಗಿರಲಿ. ಹದಿನಾಲ್ಕರಲ್ಲಿ ಶಿಲೀಂಧ್ರ ಸಾಯುವುದಿಲ್ಲ, ಐದರಲ್ಲಿ ಶಿಲೀಂಧ್ರವೂ ಇಲಿಯೂ ಸಾಯುತ್ತವೆ, ಒಂದರಲ್ಲಿ ಮಾತ್ರ ಶಿಲೀಂಧ್ರ ಸತ್ತು ಇಲಿ ಉಳಿಯುತ್ತದೆ. ನ್ಯೂಯಾರ್ಕ್ ಗುಂಪು ಮೊದಲ ಉತ್ತರ ನೋಡಿ, ಶಿಲೀಂಧ್ರ ಸತ್ತಿದ್ದರೆ ಮಾತ್ರ ಚೀಟಿಯನ್ನು ಆಲ್ಬನಿಗೆ ಕಳಿಸಲಿ. ಆಲ್ಬನಿಯವರು ಚೀಟಿಗೆ ಕ್ರಮಸಂಖ್ಯೆ ಕೊಟ್ಟು ಹಿಂತಿರುಗಿಸಿದ ಮೇಲೆ ನ್ಯೂಯಾರ್ಕಿನವರು ಎರಡನೆಯ ಉತ್ತರ ನೋಡಲಿ. ಇಪ್ಪತ್ತು ಚೀಟಿಯ ಆಟಕ್ಕೇ ಸಹನೆ ಬೇಕಾಗುತ್ತದೆ. ಅದನ್ನು ಹೇಳಿ ತಿಳಿಸುವ ಅಗತ್ಯ ಉಳಿಯುವುದಿಲ್ಲ.

ಬೂಷ್ಟು ತೋರಿಸಬೇಕೆಂದರೆ ಬ್ರೆಡ್ ತುಂಡಿಗೆ ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಭದ್ರವಾಗಿ ಅಂಟಿಸಿ ಕೆಲವು ದಿನ ಇಡಿ. ಚೀಲವನ್ನು ಬಿಚ್ಚಕೂಡದು; ಬೀಜಕಣಗಳು ಉಸಿರಿನೊಂದಿಗೆ ಒಳಹೋಗುತ್ತವೆ. ಹೊರಗಿನಿಂದಲೇ ಭೂತಗನ್ನಡಿಯಲ್ಲಿ ನೋಡಿಸಿ.

ಮೌಲ್ಯಮಾಪನದಲ್ಲಿ ಇಸವಿಗಳನ್ನು ಕೇಳುವ ಬದಲು, ಶಿಲೀಂಧ್ರಕ್ಕೆ ಮದ್ದು ಹುಡುಕುವುದು ಬ್ಯಾಕ್ಟೀರಿಯಾಕ್ಕೆ ಹುಡುಕುವುದಕ್ಕಿಂತ ಏಕೆ ಕಷ್ಟ ಎಂದು ಕೇಳಿ. ವೈದ್ಯರು ಹೇಳದೆ ಪ್ರತಿಜೈವಿಕ ನುಂಗಿದರೆ ಬಾಯಲ್ಲಿ ಶಿಲೀಂಧ್ರ ಏಕೆ ಹಬ್ಬಬಹುದು ಎಂದು ಕೇಳಿ. ಈ ಎರಡಕ್ಕೆ ಸ್ವಂತ ಮಾತಿನಲ್ಲಿ ಉತ್ತರಿಸಿದ ಮಗು ಪಾಠವನ್ನು ಕಲಿತಿದೆ.

ಇನ್ನೊಂದು ಮಾತು. ಹೇಜನ್ ಅವರ ಜೀವನ ಹೇಳುವಾಗ ಕಪ್ಪುಹಲಗೆಯ ಮೇಲೆ ಅವರ ಹೆಸರೊಂದನ್ನೇ ಬರೆದರೆ ನಾವು ಹಳೆಯ ಒಂಟಿ ನಾಯಕನ ಕಥೆಗೇ ಮರಳಿದಂತೆ. ಬೆಳೆಸಿದವರು ಒಬ್ಬರು, ಬೇರ್ಪಡಿಸಿದವರು ಒಬ್ಬರು. ಎಲಿಜಬೆತ್ ಲೀ ಹೇಜನ್, ರೇಚಲ್ ಫುಲ್ಲರ್ ಬ್ರೌನ್ ಎಂದು ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯಿರಿ.